ಮುಳ್ಳುಪಟ್ಟಿಯಲ್ಲ, ಸಂಬಳದ ಲೆಕ್ಕ

ಈ ವಾರ ಹರಟೆಯಲ್ಲಿ ಕ್ಯಾಥೊಲಿಕ್ ಸಂಘಟನೆ ‘ಓಪಸ್ ದೇಯಿ’ಯ ಮಾತು ಬಂತು. ಎಲ್ಲರ ಕುತೂಹಲವೂ ಅದರ ಬ್ರಹ್ಮಚಾರಿ ಸದಸ್ಯರು ದಿನಕ್ಕೆರಡು ಗಂಟೆ ತೊಡೆಗೆ ಬಿಗಿದುಕೊಳ್ಳುವ ಮುಳ್ಳುಪಟ್ಟಿಯ ಮೇಲೆ. ‘ಡಾವಿಂಚಿ ಕೋಡ್’ ಕಾದಂಬರಿ ಮಾಡಿಟ್ಟ ಉಪಕಾರ! ನನ್ನ ಕಣ್ಣು ಮಾತ್ರ ಅಲ್ಲಿನ ಅಡುಗೆಮನೆಯ ಮೇಲೆ. 1928ರಲ್ಲಿ ಮ್ಯಾಡ್ರಿಡ್‌ನಲ್ಲಿ ಸಂಘಟನೆ ಕಟ್ಟಿದ ಪಾದ್ರಿ ಹೊಸೆಮರಿಯಾ ಎಸ್ಕ್ರಿವಾ ಸಾರಿದ್ದು, ದಿನನಿತ್ಯದ ದುಡಿಮೆಯೇ ಸಂತತನದ ದಾರಿ ಎಂದು. ಒಳ್ಳೆಯದೇ. ಆದರೆ ಒಂದೇ ಬ್ರಹ್ಮಚರ್ಯಕ್ಕೆ ಬದ್ಧರಾದ ಇಬ್ಬರನ್ನು ನೋಡಿ: ‘ನ್ಯೂಮೆರರಿ’ ಎನಿಸಿಕೊಂಡ ವೈದ್ಯನೋ ವಕೀಲನೋ ತನ್ನ ಸಂಬಳವನ್ನು ಸಂಘಟನೆಗೆ ಒಪ್ಪಿಸುತ್ತಾನೆ, ಅವನು ವಾಸಿಸುವ ಕೇಂದ್ರದಲ್ಲಿ ಬೇಯಿಸಿ, ಒಗೆದು, ಗುಡಿಸುವವಳು ‘ಸಹಾಯಕಿ’. ಅರ್ಜೆಂಟೀನಾದಲ್ಲಿ 43 ಮಹಿಳೆಯರು 2021ರಲ್ಲಿ ವ್ಯಾಟಿಕನ್‌ಗೆ ದೂರಿದ್ದು ಇದನ್ನೇ: ಓದಿಸುತ್ತೇವೆಂದು ಚಿಕ್ಕ ವಯಸ್ಸಿನಲ್ಲೇ ಕರೆತಂದು, ವರ್ಷಗಟ್ಟಲೆ ಸಂಬಳವಿಲ್ಲದೆ ದುಡಿಸಿಕೊಂಡರು. 2024ರಲ್ಲಿ ಅರ್ಜೆಂಟೀನಾದ ಸರ್ಕಾರಿ ಅಭಿಯೋಜಕರು ಮಾನವ ಕಳ್ಳಸಾಗಣೆಯ ಆರೋಪವನ್ನೇ ಹೊರಿಸಿದರು. ಸಂಘಟನೆ ಅದನ್ನು ಸಾರಾಸಗಟಾಗಿ ತಳ್ಳಿಹಾಕುತ್ತದೆ. ಎಲ್ಲರೂ ಸ್ವಇಚ್ಛೆಯಿಂದಲೇ ಬಂದವರು ಎನ್ನುತ್ತದೆ. ಇರಲಿ, ಬಂದ ಇಚ್ಛೆಗಿಂತ ಹೊರಡುವ ದಾರಿ ಮುಖ್ಯವಲ್ಲವೇ? ವೈದ್ಯ ನಾಳೆ ಬಿಟ್ಟುಹೋದರೆ ಕೈಯಲ್ಲಿ ಪದವಿ ಇದೆ, ವೃತ್ತಿ ಇದೆ. ನಡುವಯಸ್ಸಿನಲ್ಲಿ ಉಳಿತಾಯವೂ ಪಿಂಚಣಿಯೂ ಇಲ್ಲದೆ ಬೀದಿಗೆ ಬಂದವಳಿಗೆ? ದುಡಿಮೆ ಪೂಜೆಯೇ ಆಗಿರಲಿ. ಪೂಜೆಯೆಂಬ ನೆಪದಲ್ಲಿ ಕೂಲಿ ಮುರಿಯುವ ಹಕ್ಕು ಯಾವ ಧರ್ಮಕ್ಕೂ ಇಲ್ಲ.