ಮುನ್ನೂರು ರೂಪಾಯಿಯ ರಿಪೇರಿ

ಕಳೆದ ಮಳೆಗಾಲದ ಒಂದು ರಾತ್ರಿ ನಮ್ಮ ಅಡುಗೆಮನೆಯ ಛಾವಣಿಯಿಂದ ಊಟದ ತಟ್ಟೆಯಗಲದ ಗಾರೆ ಕಳಚಿ ಒಲೆಯ ಮೇಲೆ ಬಿತ್ತು. ಸದ್ದು ಕೇಳಿ ಬಂದ ಪಕ್ಕದ ಮನೆಯ ಆಂಟಿ ತಲೆಯೆತ್ತಿ ನೋಡಿ, ‘ಈ ಸಲ ಸಣ್ಣದೇ ಬಿದ್ದಿದೆ ಬೇಟಾ’ ಎಂದರು. ಅವರು ಮದುವೆಯಾಗಿ ಬಂದದ್ದೇ ಈ ಕಟ್ಟಡಕ್ಕೆ.

ದೆಹಲಿಯ ಕನಾಟ್ ಪ್ಲೇಸಿನಲ್ಲಿ ಬಾಡಿಗೆಗಿದ್ದೇನೆ ಎಂದರೆ ಊರಿನಲ್ಲಿ ಯಾರೂ ನಂಬುವುದಿಲ್ಲ. ‘ಅಲ್ಲಿರುವುದು ಅಂಗಡಿಗಳಲ್ಲವೇನೋ?’ ಎನ್ನುತ್ತಾರೆ ಅಮ್ಮ. ರಾಬರ್ಟ್ ಟಾರ್ ರಸೆಲ್ ವಿನ್ಯಾಸ ಮಾಡಿದ ಈ ವೃತ್ತ 1929ರಿಂದ 1933ರ ನಡುವೆ ಎದ್ದಾಗ ಕೆಳಗೆ ಅಂಗಡಿ, ಮೇಲೆ ಮನೆ ಎಂದೇ ಲೆಕ್ಕ. 1945ರ ಸುಜಾನ್ ಸಿಂಗ್ ಪಾರ್ಕನ್ನು ದೆಹಲಿಯ ಮೊದಲ ಅಪಾರ್ಟ್‌ಮೆಂಟ್ ಸಮುಚ್ಚಯ ಎನ್ನುವವರಿದ್ದಾರೆ. ಅದಕ್ಕೆ ಹನ್ನೆರಡು ವರ್ಷ ಮೊದಲೇ ಇಲ್ಲಿ ಅಂಗಡಿಗಳ ನೆತ್ತಿಯ ಮೇಲೆ ಸಂಸಾರ ಹೂಡಲು ಜಾಗ ಸಿದ್ಧವಾಗಿತ್ತು. ಈಗ ಉಳಿದ ಮನೆಗಳು ಕಡಿಮೆ, ಹೆಚ್ಚಿನವು ಆಫೀಸು, ರೆಸ್ಟೋರೆಂಟ್ ಆಗಿವೆ. ನಾನಿಲ್ಲಿ ಬಂದದ್ದು ಇತಿಹಾಸದ ಮೋಹಕ್ಕಲ್ಲ. ಕೆಳಗೇ ರಾಜೀವ್ ಚೌಕ್ ಮೆಟ್ರೋ, ನೋಯ್ಡಾದ ಆಫೀಸಿಗೆ ಒಂದೇ ಬ್ಲೂ ಲೈನ್. ದಪ್ಪ ಗೋಡೆ, ಎತ್ತರದ ಛಾವಣಿಯಿಂದಾಗಿ ಮೇ ತಿಂಗಳಲ್ಲೂ ಮಧ್ಯಾಹ್ನದವರೆಗೆ ಏಸಿ ಬೇಡ.

ಆದರೆ ಸುಣ್ಣದ ಗಾರೆಯ ಗೋಡೆಗೆ ಯಾರೋ ಹಿಂದೆ ಸಿಮೆಂಟಿನ ತೇಪೆ ಹಾಕಿದ್ದಾರೆ. ಸುಣ್ಣ ಉಸಿರಾಡುತ್ತದೆ, ಸಿಮೆಂಟು ತೇವವನ್ನು ಒಳಗೇ ಕಟ್ಟಿಹಾಕುತ್ತದೆ. ಕೊನೆಗೆ ತೇಪೆ, ಗಾರೆ ಎರಡೂ ಒಟ್ಟಿಗೆ ಉದುರುತ್ತವೆ. 2017ರ ಫೆಬ್ರುವರಿಯಲ್ಲಿ ಇಲ್ಲೇ ಒಂದು ಬ್ಲಾಕಿನ ಛಾವಣಿ ಕುಸಿದ ಮೇಲೆ ಎನ್‌ಡಿಎಂಸಿ ಮಹಡಿಯ ಮೇಲಿನ ರೆಸ್ಟೋರೆಂಟುಗಳನ್ನು ಮುಚ್ಚಿಸಿತ್ತು.

ರಿಪೇರಿ ಯಾರ ಹೊಣೆ? 1958ರ ದೆಹಲಿ ಬಾಡಿಗೆ ನಿಯಂತ್ರಣ ಕಾಯ್ದೆಯ ಪ್ರಕಾರ ಮಾಲೀಕರದು. ಅವರು ಮಾಡದಿದ್ದರೆ ಬಾಡಿಗೆದಾರರೇ ನೋಟಿಸ್ ಕೊಟ್ಟು ಮಾಡಿಸಿ, ಖರ್ಚನ್ನು ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. ಆದರೆ ಅದು ವರ್ಷದ ಬಾಡಿಗೆಯ ಹನ್ನೆರಡನೇ ಒಂದು ಭಾಗವನ್ನು ಮೀರುವಂತಿಲ್ಲ. ಆಂಟಿಯ ತಿಂಗಳ ಬಾಡಿಗೆ ಮುನ್ನೂರು ಚಿಲ್ಲರೆ. ಅಂದರೆ ತೊಂಬತ್ತು ವರ್ಷದ ಕಟ್ಟಡಕ್ಕೆ ವರ್ಷಕ್ಕೆ ಮುನ್ನೂರು ರೂಪಾಯಿಯ ರಿಪೇರಿ! ಒಂದು ಮೂಟೆ ಸಿಮೆಂಟೂ ಬಾರದು. ನನ್ನ ಬಾಡಿಗೆ ಅದರ ನೂರು ಪಟ್ಟಿಗಿಂತ ಹೆಚ್ಚು. 1988ರ ತಿದ್ದುಪಡಿಯಿಂದ 3,500 ರೂಪಾಯಿ ದಾಟಿದ ಬಾಡಿಗೆಗೆ ಕಾಯ್ದೆಯೇ ಅನ್ವಯಿಸುವುದಿಲ್ಲ. ಒಂದೇ ಮೆಟ್ಟಿಲು, ಒಂದೇ ಸೋರುವ ಛಾವಣಿ, ಎರಡು ಲೋಕ.

1995ರಲ್ಲಿ ಸಂಸತ್ತು ಹೊಸ ಕಾಯ್ದೆ ಮಾಡಿತು, ರಾಷ್ಟ್ರಪತಿಗಳ ಅಂಕಿತವೂ ಬಿತ್ತು. ಹಳೆಯ ಬಾಡಿಗೆಯ ವ್ಯಾಪಾರಿಗಳು ವಿರೋಧಿಸಿದರು. ಅದು ಜಾರಿಗೆ ಬರಲೇ ಇಲ್ಲ. ಹಾಗೆಂದು ಬಾಡಿಗೆಯನ್ನು ಏಕಾಏಕಿ ಸಡಿಲ ಬಿಡಿ ಎನ್ನಲು ನನಗೆ ಧೈರ್ಯವಿಲ್ಲ. ನಮ್ಮ ರಾಜ್ಯ 1961ರ ಕಾಯ್ದೆಯನ್ನು ಬದಲಿಸಿ 1999ರದ್ದನ್ನು ತಂದಿತು. ಆದರೂ ಬಸವನಗುಡಿ, ಮಲ್ಲೇಶ್ವರದ ವಠಾರಗಳೇನೂ ದುರಸ್ತಿಯಾಗಲಿಲ್ಲ, ನೆಲದ ಬೆಲೆ ಅವನ್ನು ನುಂಗಿತು. ವಠಾರದಲ್ಲಿ ಬೆಳೆದವನಾಗಿ ನನಗದು ಗೊತ್ತು.

ಆದ್ದರಿಂದ ಬಾಡಿಗೆ ಮೆಲ್ಲಗೆ ಏರಲಿ, ಆದರೆ ಏರಿದ ಹಣ ಮೊದಲು ಛಾವಣಿಗೆ ಹೋಗಲಿ. ಹೋಯಿತೇ ಎಂದು ಎನ್‌ಡಿಎಂಸಿ ಬಂದು ನೋಡಲಿ. ಆಂಟಿಯಂಥ ವೃದ್ಧರ ಬಾಡಿಗೆಯನ್ನು ಅವರಿರುವಷ್ಟು ಕಾಲ ಮುಟ್ಟದಿರಲಿ. ಕಾಮನ್‌ವೆಲ್ತ್ ಕ್ರೀಡಾಕೂಟದ ನೆಪದಲ್ಲಿ ಹೊರಗಿನ ಕಂಬಗಳಿಗೆ ಬಿಳಿ ಬಣ್ಣ ಬಳಿಯಲು ಸರ್ಕಾರಕ್ಕೆ ದುಡ್ಡು ಸಿಕ್ಕಿತ್ತು. ಪ್ರವಾಸಿಗರು ಫೋಟೊ ತೆಗೆಯುವುದು ಆ ಕಂಬಗಳನ್ನೇ, ನಮ್ಮ ಅಡುಗೆಮನೆಯನ್ನಲ್ಲ.

ಸುಣ್ಣದ ಕೆಲಸ ಬಲ್ಲ ಮೇಸ್ತ್ರಿಯೊಬ್ಬರು ಹಳೇ ದೆಹಲಿಯಲ್ಲಿ ಸಿಕ್ಕಿದ್ದಾರೆ, ಭಾನುವಾರ ಬರುತ್ತಾರೆ. ಅರ್ಧ ಖರ್ಚು ನನ್ನದು, ಅರ್ಧ ಮಾಲೀಕರದು ಎಂದು ಮಾತಾಗಿದೆ. ಅವರ ಅರ್ಧ ಇನ್ನೂ ಬಂದಿಲ್ಲ.