ಮಳೆ ಇಲ್ಲವೋ, ಮಾತಿಲ್ಲವೋ?

ಗೋಕಾಕದಿಂದ ಮೂಡಲಗಿಗೆ ಹೋಗುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತವರ ಕಣ್ಣಿಗೆ ಕಬ್ಬಿನ ಹೊಲಗಳು ಬೀಳುತ್ತವೆ. ಗ್ರಾಮ ಪಂಚಾಯತಿಯ ಕಟ್ಟಡದ ಬಳಿ ನಿಂತ ಸಣ್ಣ ಕಂಬವೊಂದರತ್ತ ಅವರ ಲಕ್ಷ್ಯ ಹೋಗುವುದು ಅಪರೂಪ. ಮೇಲೆ ಡಬ್ಬಿಯಂಥ ಪಾತ್ರೆ, ಪಕ್ಕದಲ್ಲಿ ಬಿಸಿಲಿಗೆ ಮುಖವೊಡ್ಡಿದ ಸೌರಫಲಕ, ಕೆಳಗೆ ಬೀಗ ಹಾಕಿದ ಪೆಟ್ಟಿಗೆ: ಇಷ್ಟೇ ಅದರ ವೈಭವ. ಆದರೆ ಬಿದ್ದ ಮಳೆಯನ್ನು ತಾನೇ ಅಳೆದು, ಆ ಲೆಕ್ಕವನ್ನು ತಾನೇ ಬೆಂಗಳೂರಿಗೆ ಮುಟ್ಟಿಸುವ ಕೆಲಸಗಾರ ಅದು.

ಬರಗಾಲದ ಮೇಲೆ ಕಣ್ಣಿಡಲೆಂದು ಕರ್ನಾಟಕದಲ್ಲಿ 1988ರಲ್ಲಿ ಒಂದು ಸಣ್ಣ ಘಟಕ ಹುಟ್ಟಿತು. ಅದೇ ಬೆಳೆದು ಇಂದು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿದೆ. ಹೋಬಳಿಗೊಂದರಂತೆ ಮಳೆಯ ಲೆಕ್ಕವಿಟ್ಟರೆ ಸಾಲದು, ಊರೂರಿನ ಲೆಕ್ಕ ಬೇಕು ಎಂದು ಆ ಕೇಂದ್ರ ರಾಜ್ಯದ ಗ್ರಾಮ ಪಂಚಾಯತಿಗಳಲ್ಲಿ 6000ಕ್ಕೂ ಹೆಚ್ಚು ದೂರಮಾಪಕಗಳನ್ನು ನೆಡಿಸಿತು. 15 ನಿಮಿಷಕ್ಕೊಮ್ಮೆ ಸುದ್ದಿ ಹೇಳುವುದು ಅವುಗಳಿಗೆ ವಿಧಿಸಿದ ಕರ್ತವ್ಯ.

ಈ ಸುದ್ದಿಯ ಬೆಲೆ ಏನೆಂಬುದನ್ನು ಘಟಪ್ರಭೆಯ ದಂಡೆಯವರು ಬಲ್ಲರು. ಹುಕ್ಕೇರಿ ತಾಲೂಕಿನ ಹಿಡಕಲ್ಲಿನಲ್ಲಿ 51 ಟಿ.ಎಂ.ಸಿ. ನೀರು ಹಿಡಿಯುವ ಜಲಾಶಯವಿದೆ. ಆದರೆ ಹಿಡಕಲ್ಲಿನ ಬಾಗಿಲುಗಳನ್ನು ಕಾದರಷ್ಟೇ ನದಿಯನ್ನು ಕಾದಂತಾಗುವುದಿಲ್ಲ. ಸಂಕೇಶ್ವರವನ್ನು ತೊಳೆದು ಬರುವ ಹಿರಣ್ಯಕೇಶಿಯೂ, ಗೊಡಚಿನಮಲ್ಕಿಯಲ್ಲಿ ಧುಮುಕಿ ಬರುವ ಮಾರ್ಕಂಡೇಯವೂ ತಮ್ಮ ಪಾಲಿನ ನೀರನ್ನು ಅದೇ ನದಿಗೆ ತಂದು ಸುರಿಯುತ್ತವೆ. 2019ರ ಆಗಸ್ಟಿನಲ್ಲಿ ಈ ಮೂರೂ ಒಟ್ಟಿಗೆ ಉಕ್ಕಿದಾಗ ಲೋಳಸೂರ ಸೇತುವೆ ಮುಳುಗಿತು. ಗೋಕಾಕದ ತಗ್ಗಿನ ಓಣಿಗಳಿಗೂ ಮೂಡಲಗಿಯ ಕಡೆಯ ಹಳ್ಳಿಗಳಿಗೂ ನೀರು ನುಗ್ಗಿತು. ಮೇಲಿನ ಊರಿನಲ್ಲಿ ಎಷ್ಟು ಸುರಿಯುತ್ತಿದೆ ಎಂಬುದು ಒಂದು ತಾಸು ಮೊದಲು ತಿಳಿದರೆ, ಕೆಳಗಿನ ಊರಿನ ತಾಯಿ ಕೂಸನ್ನೂ ಕಾಗದಪತ್ರಗಳನ್ನೂ ಎತ್ತಿಕೊಂಡು ದಿಬ್ಬ ಹತ್ತಬಲ್ಲಳು.

ಅಷ್ಟು ದೊಡ್ಡ ಹೊಣೆ ನಿಂತಿರುವುದು ಒಂದು ಅತಿ ಚಿಕ್ಕ ವಸ್ತುವಿನ ಮೇಲೆ. ಅದೇ ಸಿಮ್ ಕಾರ್ಡು. 1991ರಲ್ಲಿ ಜರ್ಮನಿಯ ಮ್ಯೂನಿಕ್ ನಗರದ ಕಾರ್ಖಾನೆಯೊಂದು ಅದನ್ನು ಮೊದಲು ತಯಾರಿಸಿದಾಗ ಅದು ಬ್ಯಾಂಕಿನ ಕಾರ್ಡಿನಷ್ಟು ಅಗಲವಿತ್ತು; ಮೊದಲ 300 ಕಾರ್ಡುಗಳನ್ನು ಕೊಂಡದ್ದು ಫಿನ್ಲೆಂಡಿನ ದೂರವಾಣಿ ಸಂಸ್ಥೆ. ಈಗ ಅದು ಕುಗ್ಗುತ್ತ ಕುಗ್ಗುತ್ತ ಗೋಕಾಕದ ಕರದಂಟಿನಲ್ಲಿ ಹಲ್ಲಿಗೆ ಸಿಗುವ ಗೋಡಂಬಿ ಚೂರಿನಷ್ಟಾಗಿದೆ. ದೂರವಾಣಿ ಜಾಲಕ್ಕೆ ಯಂತ್ರವನ್ನು ಪರಿಚಯಿಸುವ ಗುರುತಿನ ಚೀಟಿ ಇದು. ಭಾರತದಲ್ಲಿ ಮನುಷ್ಯರ ಮೊಬೈಲಿಗೆ 10 ಅಂಕಿಗಳ ಸಂಖ್ಯೆ ಇದ್ದರೆ, ಯಂತ್ರಗಳು ತಮ್ಮೊಳಗೆ ಮಾತಾಡುವ ಸಿಮ್ಮುಗಳಿಗೆ 13 ಅಂಕಿಗಳ ಸಂಖ್ಯೆಯನ್ನು 2018ರಲ್ಲಿ ಗೊತ್ತುಪಡಿಸಲಾಯಿತು.

ಕಾರ್ಡನ್ನು ಕೂಡಿಸುವುದು ಸುಲಭವೆಂದು ತೋರುತ್ತದೆ. ಅವಸರದ ತಪ್ಪುಗಳು ನಡೆಯುವುದೂ ಅಲ್ಲಿಯೇ. ಮೊದಲು ಯಂತ್ರದ ವಿದ್ಯುತ್ತನ್ನು ನಿಲ್ಲಿಸಬೇಕು. ಕಾರ್ಡಿನ ಹೊಂಬಣ್ಣದ ಮುಖ ಒಳಗಿನ ತಂತುಗಳಿಗೆ ತಾಗಬೇಕು. ಕತ್ತರಿಸಿದ ಮೂಲೆ ಗುರುತಿನ ಮೂಲೆಗೆ ಹೊಂದಬೇಕು. ಮಳೆಗಾಲದ ತೇವ ಆ ಹೊಂಬಣ್ಣದ ಮೇಲೆ ಕಿಲುಬು ಕಟ್ಟಿಸಿದರೆ ಒಣ ಬಟ್ಟೆಯಿಂದ ಮೆಲ್ಲನೆ ಒರೆಸಬೇಕು. ಇನ್ನೊಂದು ಮುಖ್ಯ ಸಂಗತಿ, ಗುಪ್ತಸಂಖ್ಯೆಯ ಬೀಗ. ಕಂಬದ ಮೇಲಿನ ಯಂತ್ರಕ್ಕೆ ಆ ಸಂಖ್ಯೆಯನ್ನು ಒತ್ತಲು ಬೆರಳಿಲ್ಲ. ತಪ್ಪು ಸಂಖ್ಯೆ ಮೂರು ಸಲ ಹೋದರೆ ಕಾರ್ಡು ಬಾಯಿ ಮುಚ್ಚಿಕೊಳ್ಳುತ್ತದೆ. ಆದುದರಿಂದ ಬಲ್ಲವರು ಕಾರ್ಡನ್ನು ಮೊದಲು ಒಂದು ಸಾಧಾರಣ ಮೊಬೈಲಿಗೆ ಹಾಕಿ ಬೀಗ ತೆಗೆದು, ಬಳಿಕ ಪೆಟ್ಟಿಗೆಗೆ ಸೇರಿಸುತ್ತಾರೆ.

ಇಷ್ಟಾದರೂ ಒಂದು ದಿನ ಯಂತ್ರ ಮೂಕವಾಗುತ್ತದೆ. ಆಗ ಸಿಮ್ಮನ್ನೇ ದೂರುವುದು ವಾಡಿಕೆ. ಆದರೆ ಅನುಭವಿ ಕೈ ಮೊದಲು ಮುಟ್ಟುವುದು ಬ್ಯಾಟರಿಯನ್ನು. ಮಳೆಯನ್ನು ಎಣಿಸಲು ಬೇಕಾದ ವಿದ್ಯುತ್ತು ಅತ್ಯಲ್ಪ. ತಕ್ಕಡಿಯಂತೆ ತೂಗುವ ಎರಡು ಪುಟ್ಟ ಬಟ್ಟಲುಗಳಲ್ಲಿ ಒಂದು ತುಂಬಿ ಮಗುಚಿದಾಗಲೆಲ್ಲ ಒಂದು ಲೆಕ್ಕ, ಅದಕ್ಕೆ ದಣಿವಿಲ್ಲ. ಸುದ್ದಿ ಕಳುಹಿಸುವಾಗ ಮಾತ್ರ ಹಳೆಯ 2ಜಿ ಮೋಡೆಮ್ಮು ಕ್ಷಣಮಾತ್ರಕ್ಕೆ 2 ಆಂಪಿಯರಿನಷ್ಟು ಪ್ರವಾಹವನ್ನು ಸೆಳೆಯುತ್ತದೆ. ಸೊರಗಿದ ಬ್ಯಾಟರಿ ಆ ಸೆಳೆತಕ್ಕೆ ಕುಸಿಯುತ್ತದೆ. ಹೀಗಾಗಿ ಯಂತ್ರ ಎಣಿಸುತ್ತಲೇ ಇರುತ್ತದೆ, ಹೇಳಲಾರದು. ಬ್ಯಾಟರಿ ಸೊರಗುವುದಾದರೂ ಯಾವಾಗ? ವಾರಗಟ್ಟಲೆ ಮೋಡ ಮುಚ್ಚಿ, ಸೌರಫಲಕಕ್ಕೆ ಬಿಸಿಲು ಕಾಣದಿರುವಾಗ. ಎಂದರೆ, ಅದರ ಮಾತು ಅತ್ಯಂತ ಬೇಕಾದ ಹೊತ್ತಿನಲ್ಲಿಯೇ ಅದರ ಗಂಟಲು ಕಟ್ಟುತ್ತದೆ. ಬೇಸಗೆಯಲ್ಲಿಯೇ ಫಲಕದ ಧೂಳು ಒರೆಸಿ, ಹಳೆಯ ಬ್ಯಾಟರಿ ಬದಲಿಸುವುದಕ್ಕಿಂತ ದೊಡ್ಡ ಔಷಧ ಇದಕ್ಕಿಲ್ಲ.

ಎರಡನೆಯ ಪ್ರಶ್ನೆ, ಜಾಲದ ದನಿ ಅಲ್ಲಿಗೆ ಕೇಳಿಸುತ್ತಿದೆಯೇ ಎಂಬುದು. ಮೋಡೆಮ್ಮನ್ನು ವಿಚಾರಿಸಿದರೆ ಅದು 0ಯಿಂದ 31ರ ವರೆಗಿನ ಒಂದು ಅಂಕಿಯಲ್ಲಿ ಉತ್ತರಿಸುತ್ತದೆ. 31 ಎಂದರೆ ಉತ್ತಮ, 10ಕ್ಕಿಂತ ಕಡಿಮೆಯಾದರೆ ಸಂಕಟ. ಕೆಲವೊಮ್ಮೆ ಅದು 99 ಎನ್ನುವುದುಂಟು. ಹೊಸಬರು ನೂರಕ್ಕೆ ತೊಂಬತ್ತೊಂಬತ್ತು ಬಂದಿತೆಂದು ಹಿಗ್ಗುತ್ತಾರೆ. ಆದರೆ 99 ಎಂಬುದು ಅಂಕವಲ್ಲ. ‘ನನಗೇನೂ ಗೊತ್ತಾಗುತ್ತಿಲ್ಲ’ ಎಂಬ ತಪ್ಪೊಪ್ಪಿಗೆ! ಆಗ ಆಂಟೆನಾದ ತಿರುಪು ಸಡಿಲಾಗಿದೆಯೇ, ಇಲಿ ತಂತಿಯನ್ನು ಕಡಿದಿದೆಯೇ ಎಂದು ನೋಡಬೇಕು. ಆಂಟೆನಾವನ್ನು ಇನ್ನಷ್ಟು ಎತ್ತರಕ್ಕೆ ಕಟ್ಟಿಯೂ ನೋಡಬೇಕು.

ದನಿ ಚೆನ್ನಾಗಿದ್ದೂ ಸುದ್ದಿ ಹೋಗದಿದ್ದರೆ ಮೂರನೆಯ ಬಾಗಿಲು ತಟ್ಟಬೇಕು. ಚಂದಾ ಮುಗಿದಿದೆಯೇ? ಕಾರ್ಡಿಗೂ ಯಂತ್ರಕ್ಕೂ ಜೋಡಿ ಹೊಂದುತ್ತದೆಯೇ? ಬರಿಯ 2ಜಿ ಬಲ್ಲ ಯಂತ್ರಕ್ಕೆ 4ಜಿ ಮಾತ್ರವೇ ಇರುವ ಜಾಲದ ಕಾರ್ಡು ಹಾಕಿದರೆ, ಒಬ್ಬರ ಭಾಷೆ ಇನ್ನೊಬ್ಬರಿಗೆ ತಿಳಿಯದ ಸಂಸಾರದಂತಾಗುತ್ತದೆ. ಕಿರುಸಂದೇಶ ಹೋಗುತ್ತದೆ, ಅಂಕಿಅಂಶ ಹೋಗುವುದಿಲ್ಲ ಎಂದಾದರೆ ಸಾಮಾನ್ಯವಾಗಿ ಎ.ಪಿ.ಎನ್. ಎಂಬ ಹೆಸರು ತಪ್ಪಿರುತ್ತದೆ. ಜಾಲದಿಂದ ಅಂತರ್ಜಾಲಕ್ಕೆ ಹೋಗುವ ಹೆಬ್ಬಾಗಿಲಿನ ಹೆಸರದು. ಒಂದಕ್ಷರ ತಪ್ಪಿದರೂ ಬಾಗಿಲು ತೆರೆಯದು. ಕಾರ್ಡಿನ ಸಂಸ್ಥೆ ಬದಲಾದರೆ ಹೆಸರನ್ನೂ ಬದಲಿಸಬೇಕು.

ಇದು ಸರಕಾರಿ ಕಂಬಗಳ ಕಥೆ ಮಾತ್ರವಲ್ಲ. ಕಬ್ಬಿನ ಹೊಲಕ್ಕೆ ನೀರು ಹಾಯಿಸುವ ಪಂಪಿಗೂ ಈಗ ಸಿಮ್ ಇರುವ ಮೊಬೈಲ್ ಸ್ಟಾರ್ಟರ್ ಬಂದಿದೆ. ನಡುರಾತ್ರಿ ಮೂರು ಫೇಸ್ ಕರೆಂಟು ಬಂದಾಗ ರೈತ ಹಾಸಿಗೆಯಲ್ಲಿ ಕುಳಿತೇ ಕರೆ ಮಾಡಿ ಪಂಪನ್ನು ಓಡಿಸಬಲ್ಲ. ಅದು ಉತ್ತರಿಸದಿದ್ದರೆ ಅವನು ಬ್ಯಾಟರಿ ದೀಪ ಹಿಡಿದು, ಹಾವು ಹರಿದಾಡುವ ಬದುವಿನ ಮೇಲೆ ನಡೆಯಬೇಕು. ಚಂದಾ ಮುಗಿದ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಟ್ಟ ಮನೆಯಾಕೆ ಆ ರಾತ್ರಿಯ ನಡಿಗೆಯನ್ನು ತಪ್ಪಿಸಿದಂತೆಯೇ ಸರಿ.

ಇಷ್ಟೆಲ್ಲದರ ತಿರುಳು ಒಂದೇ. ದೂರದ ಕಚೇರಿಯ ಪರದೆಯ ಮೇಲೆ ‘ಮಳೆ ಇಲ್ಲ’ ಎಂಬುದೂ ‘ಸುದ್ದಿ ಇಲ್ಲ’ ಎಂಬುದೂ ಒಂದೇ ಆಗಕೂಡದು. ಸೊನ್ನೆ ಒಂದು ಅಳತೆ, ಮೌನ ಅಳತೆಯಲ್ಲ. ಪರಊರಿನ ಮಗನಿಂದ ಪತ್ರ ಬರಲಿಲ್ಲವೆಂದರೆ ‘ಕ್ಷೇಮವಾಗಿದ್ದಾನೆ’ ಎಂದು ಯಾವ ತಾಯಿಯೂ ಬರೆದಿಟ್ಟುಕೊಳ್ಳುವುದಿಲ್ಲ. ಮೂಕವಾದ ಕಂಬದ ಜಾಗದಲ್ಲಿ ಸೊನ್ನೆ ಬರೆಯುವ ಕಚೇರಿ ಮಾತ್ರ ಅದೇ ತಪ್ಪನ್ನು ಮಾಡುತ್ತದೆ. ಕೊನೆಯ ಸುದ್ದಿ ಬಂದದ್ದು ಎಷ್ಟು ಹೊತ್ತಿಗೆ ಎಂಬುದನ್ನು ಅಂಕಿಯ ಪಕ್ಕದಲ್ಲಿಯೇ ತೋರಿಸುವ ಪರದೆ ಮಾತ್ರ ಪ್ರಾಮಾಣಿಕವಾದದ್ದು.

ದುರಸ್ತಿ ಮುಗಿದ ಮೇಲೆ ಒಂದು ಚಿಕ್ಕ ಪರೀಕ್ಷೆಯಿದೆ. ಮಾಪಕದ ಬಾಯಿ 20 ಸೆಂಟಿಮೀಟರ್ ಅಗಲವಿದ್ದರೆ, ಅದರಲ್ಲಿ 314 ಮಿಲಿಲೀಟರ್ ನೀರನ್ನು ನಿಧಾನವಾಗಿ ಸುರಿಯಬೇಕು. ದೂರದ ಪರದೆಯ ಮೇಲೆ 10 ಮಿಲಿಮೀಟರ್ ಮಳೆ ಕಾಣಿಸಿಕೊಂಡರೆ ಬಟ್ಟಲು, ಬ್ಯಾಟರಿ, ಆಂಟೆನಾ, ಸಿಮ್ ಎಲ್ಲವೂ ನೆಟ್ಟಗಿವೆಯೆಂದರ್ಥ. ಸುರಿಯುವ ಮುನ್ನ ಕೇಂದ್ರಕ್ಕೆ ಒಂದು ಮಾತು ತಿಳಿಸಲು ಮಾತ್ರ ಮರೆಯಬಾರದು. ಇಲ್ಲವಾದರೆ ಬಿರುಬಿಸಿಲಿನ ಏಪ್ರಿಲಿನಲ್ಲಿ ಹುಕ್ಕೇರಿಗೆ ಮಳೆ ಬಂದಿತೆಂದು ಬೆಂಗಳೂರಿನಲ್ಲಿ ಯಾರೋ ಬರೆದುಕೊಂಡುಬಿಟ್ಟಾರು!