ಇಂಟರ್ನಲ್ಸ್ ಹಾಕೋರ ಮುಂದೆ ಅಳೋದು ಹೇಗೆ?

ನಮ್ಮ ಮಹಾಲಕ್ಷ್ಮಿ ಲೇಔಟಿನಿಂದ ಯಶವಂತಪುರ ದಾಟಿದರೆ ಟಾಟಾ ಇನ್‌ಸ್ಟಿಟ್ಯೂಟ್ ಸಿಗುತ್ತೆ. ಈಗಿನ ಹುಡುಗರು ಐಐಎಸ್‌ಸಿ ಅಂತಾರೆ, ಹಳಬರ ಬಾಯಲ್ಲಿ ಅದು ಇನ್ನೂ ಟಾಟಾ ಇನ್‌ಸ್ಟಿಟ್ಯೂಟೇ. 2021ರಲ್ಲಿ ಅಲ್ಲಿ ಕೆಲವು ವಿದ್ಯಾರ್ಥಿಗಳು ಆತ್ಮಹತ್ಯೆ ಮಾಡಿಕೊಂಡರು. ಆ ವರ್ಷದ ಡಿಸೆಂಬರ್ ಹೊತ್ತಿಗೆ ಹಾಸ್ಟೆಲ್ ರೂಮುಗಳ ಸೀಲಿಂಗ್ ಫ್ಯಾನ್ ತೆಗೆದು ಗೋಡೆ ಫ್ಯಾನ್ ಹಾಕೋ ಸುದ್ದಿ ಪೇಪರಿನಲ್ಲಿ ಬಂತು. "ಸಮಸ್ಯೆ ಇರೋದು ಫ್ಯಾನಿನಲ್ಲಾ?" ಅಂತ ತುಂಬಾ ಜನ ಬೈದರು.

ನಾನು ಆ ಗುಂಪಿಗೆ ಸೇರಲ್ಲ. ಸಾಯಬೇಕು ಅನ್ನಿಸೋ ತೀವ್ರವಾದ ಗಳಿಗೆ ಬಹಳ ಸಲ ಚಿಕ್ಕದು, ಅದನ್ನ ದಾಟಿಸಿದರೆ ಎಷ್ಟೋ ಜೀವ ಉಳಿಯುತ್ತೆ. ಶ್ರೀಲಂಕಾದಲ್ಲಿ ತೀರಾ ವಿಷಕಾರಿಯಾದ ಕೀಟನಾಶಕಗಳನ್ನ ಒಂದೊಂದಾಗಿ ನಿಷೇಧಿಸುತ್ತಾ ಬಂದ ಮೇಲೆ ಆತ್ಮಹತ್ಯೆ ಪ್ರಮಾಣ ಅರ್ಧಕ್ಕಿಂತ ಕೆಳಗೆ ಇಳಿಯಿತು. ಹಾಗಾಗಿ ಫ್ಯಾನ್ ಬದಲಾಯಿಸಿದ್ದು ತಪ್ಪಲ್ಲ. ಆದರೆ ಅದು ಒಂದು ರಾತ್ರಿ ದಾಟಿಸುತ್ತೆ ಅಷ್ಟೇ. ಮಾರನೇ ದಿನ ಬೆಳಗ್ಗೆ ಆ ಹುಡುಗ ಯಾರ ಹತ್ತಿರ ಹೋಗಬೇಕು? ನನ್ನ ಪ್ರಶ್ನೆ ಅದು.

ಎನ್‌ಸಿಆರ್‌ಬಿ ಲೆಕ್ಕದಲ್ಲಿ ದೇಶದಲ್ಲಿ 2021ರಲ್ಲಿ 13,089, 2022ರಲ್ಲಿ 13,044 ವಿದ್ಯಾರ್ಥಿಗಳು ಆತ್ಮಹತ್ಯೆ ಮಾಡಿಕೊಂಡಿದ್ದಾರೆ. ಅಂದರೆ ದಿನಕ್ಕೆ ಮೂವತ್ತೈದಕ್ಕೂ ಹೆಚ್ಚು. ಇವರೆಲ್ಲ ಐಐಎಸ್‌ಸಿ, ಐಐಟಿಯವರಲ್ಲ. ಹೆಚ್ಚಿನವರು ನಾವು ನೀವು ಓದಿದಂಥ ಸಾಮಾನ್ಯ ಶಾಲೆ ಕಾಲೇಜಿನವರೇ.

ನಾನು ಓದಿದ ಇಂಜಿನಿಯರಿಂಗ್ ಕಾಲೇಜಿನಲ್ಲಿ ಕೌನ್ಸೆಲಿಂಗ್ ಅಂದರೆ ಪ್ರಾಕ್ಟರ್. ಇಪ್ಪತ್ತು ಜನಕ್ಕೆ ಒಬ್ಬ ಲೆಕ್ಚರರ್, ಅವರ ಕೈಯಲ್ಲಿ ಒಂದು ಪುಸ್ತಕ. ಅದರಲ್ಲಿ ಅಟೆಂಡೆನ್ಸ್, ಇಂಟರ್ನಲ್ಸ್ ಮಾರ್ಕ್ಸು, ಅಪ್ಪನ ಸಹಿ, ಕೊನೆಯಲ್ಲಿ 'ಸಮಸ್ಯೆಗಳೇನಾದರೂ ಇದ್ದರೆ' ಅಂತ ಒಂದು ಕಾಲಂ. "ಏನಪ್ಪಾ, ಎನಿ ಪ್ರಾಬ್ಲಮ್?" "ಏನಿಲ್ಲ ಸಾರ್." ಮುಗೀತು ಕೌನ್ಸೆಲಿಂಗ್! ಪಾಪ, ಆ ಲೆಕ್ಚರರ್ ಕೆಟ್ಟವರಲ್ಲ. ಆದರೆ ಅವರೇ ನಮಗೆ ಪಾಠ ಮಾಡೋರು, ಅವರೇ ಇಂಟರ್ನಲ್ಸ್ ಹಾಕೋರು, ಅವರೇ ಎಚ್‌ಓಡಿಗೆ ರಿಪೋರ್ಟ್ ಕೊಡೋರು, ಅವರೇ ಮನೆಗೆ ಫೋನ್ ಮಾಡೋರು. ಅಂಥವರ ಮುಂದೆ "ಸಾರ್, ರಾತ್ರಿ ನಿದ್ದೆ ಬರ್ತಿಲ್ಲ, ಬದುಕೋದೇ ಬೇಡ ಅನ್ನಿಸ್ತಿದೆ" ಅಂತ ಯಾವ ಹುಡುಗಿ, ಯಾವ ಹುಡುಗ ಬಾಯಿ ಬಿಡ್ತಾರೆ ಹೇಳಿ?

ವಿಟಿಯು ನಿಯಮದ ಪ್ರಕಾರ ಶೇ. 85 ಅಟೆಂಡೆನ್ಸ್ ಬೇಕು. ಟೈಫಾಯ್ಡ್ ಬಂದರೆ ಮೆಡಿಕಲ್ ಸರ್ಟಿಫಿಕೇಟ್ ಕೊಡೋಕೆ ಯಾರೂ ನಾಚಿಕೊಳ್ಳಲ್ಲ. ಡಿಪ್ರೆಶನ್ ಆಗಿ ಒಂದು ತಿಂಗಳು ಹಾಸಿಗೆಯಿಂದ ಏಳಲಾಗದವನು ಅದನ್ನ ಸ್ಟಾಫ್ ರೂಮಿನಲ್ಲಿ ಎಲ್ಲರ ಎದುರು ಹೇಳಬೇಕು. ಅದರ ಬದಲು ಸುಮ್ಮನಿದ್ದುಬಿಡ್ತಾನೆ.

ನಮ್ಮ ಕೆಲಸದಲ್ಲಿ ಒಂದು ಸರಳ ನಿಯಮ ಇದೆ, ಕೋಡ್ ಬರೆದವನೇ ಅದನ್ನ ಪಾಸ್ ಮಾಡಬಾರದು. ಎರಡು ಜವಾಬ್ದಾರಿ ಒಬ್ಬನ ತಲೆ ಮೇಲಿದ್ದರೆ ಒಂದು ಕೆಡುತ್ತೆ. ಬೆಂಗಳೂರಿನ ಎಷ್ಟೋ ಸಾಫ್ಟ್‌ವೇರ್ ಕಂಪನಿಗಳು ಕೌನ್ಸೆಲಿಂಗನ್ನ ಹೊರಗಿನ ಸಂಸ್ಥೆಗೆ ಕೊಟ್ಟಿರೋದು ಇದಕ್ಕೇ. ಯಾರು ಫೋನ್ ಮಾಡಿದರು ಅಂತ ಮ್ಯಾನೇಜರಿಗೆ ಗೊತ್ತಾಗಲ್ಲ. ಸಂಬಳ ತಗೊಳ್ಳೋ ನಮಗೆ ಸಿಗೋ ಈ ಮರ್ಯಾದೆ ಫೀಸ್ ಕಟ್ಟೋ ಹದಿನೆಂಟರ ಮಕ್ಕಳಿಗೆ ಯಾಕಿಲ್ಲ?

ವಿಶಾಖಪಟ್ಟಣದಲ್ಲಿ ನೀಟ್ ಕೋಚಿಂಗಿನ ವಿದ್ಯಾರ್ಥಿನಿಯೊಬ್ಬಳು ತೀರಿಕೊಂಡ ಕೇಸಿನಲ್ಲಿ ಸುಪ್ರೀಂ ಕೋರ್ಟು 2025ರ ಜುಲೈ 25ರಂದು ಹದಿನೈದು ಮಾರ್ಗಸೂಚಿ ಕೊಟ್ಟಿತು. ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರೋ ಕಡೆ ತರಬೇತಿ ಪಡೆದ ಒಬ್ಬ ಕೌನ್ಸೆಲರ್ ಆದರೂ ಇರಬೇಕು, ಸಿಬ್ಬಂದಿಗೆಲ್ಲ ವರ್ಷಕ್ಕೆ ಎರಡು ಸಲ ತರಬೇತಿ ಆಗಬೇಕು, ಮಾರ್ಕ್ಸ್ ನೋಡಿ ಮಕ್ಕಳನ್ನ ಬೇರೆ ಬೇರೆ ಬ್ಯಾಚು ಮಾಡಬಾರದು, ಎಲ್ಲರೆದುರು ಅವಮಾನ ಮಾಡಬಾರದು ಅಂತ. ಒಳ್ಳೆಯದೇ. ಆದರೆ ನನ್ನ ಭಯ ಏನು ಅಂದ್ರೆ, ನಮ್ಮ ಕಾಲೇಜುಗಳು ಪ್ರಿನ್ಸಿಪಾಲ್ ಚೇಂಬರ್ ಪಕ್ಕದಲ್ಲೇ ಒಂದು ರೂಮಿಗೆ ಬೋರ್ಡ್ ನೇತುಹಾಕಿ, ಹಳೇ ಪ್ರಾಕ್ಟರನ್ನೇ ಎರಡು ದಿನದ ಕೋರ್ಸಿಗೆ ಕಳಿಸಿ ಕೂರಿಸಿಬಿಡ್ತಾರೆ. ಇನ್‌ಸ್ಪೆಕ್ಷನ್ ದಿನ ಫೈಲು ಸರಿಯಾಗಿರುತ್ತೆ, ರೂಮಿಗೆ ಮಾತ್ರ ಯಾರೂ ಬರಲ್ಲ.

"ಫೀಸ್ ಕಟ್ಟೋರು ನಾವು, ನಮ್ಮ ಮಗುವಿನ ವಿಷಯ ನಮಗೆ ಹೇಳಬಾರದಾ?" ಅಂತ ಅಪ್ಪ ಅಮ್ಮ ಕೇಳ್ತಾರೆ. ನ್ಯಾಯವಾದ ಮಾತು. 2017ರ ಮಾನಸಿಕ ಆರೋಗ್ಯ ಕಾಯ್ದೆಯ 23ನೇ ಸೆಕ್ಷನ್ ಚಿಕಿತ್ಸೆಯ ಗುಟ್ಟು ಕಾಪಾಡಬೇಕು ಅನ್ನುತ್ತೆ, ಜೀವಕ್ಕೆ ಅಪಾಯ ಇದ್ದರೆ ಹೇಳೋಕೂ ಅವಕಾಶ ಕೊಡುತ್ತೆ. ಗುಟ್ಟು ಉಳಿಯುತ್ತೆ ಅನ್ನೋ ನಂಬಿಕೆ ಇದ್ದರೆ ತಾನೇ ಮಗು ಮೊದಲು ಬಾಯಿ ಬಿಡೋದು? ಯಾರಿಗೂ ಹೇಳದೇ ಇದ್ದರೆ ಅಪ್ಪ ಅಮ್ಮನಿಗೂ ಕೊನೆಗೆ ಗೊತ್ತಾಗೋದು ಪೊಲೀಸರಿಂದ.

ನಾನು ಕೇಳೋದು ಇಷ್ಟೇ. ಕೌನ್ಸೆಲರ್ ಪಾಠ ಮಾಡೋರಾಗಿರಬಾರದು. ಅವರ ಪುಸ್ತಕ ಎಚ್‌ಓಡಿ ಟೇಬಲ್ಲಿಗೆ ಹೋಗಬಾರದು. ಅವರು ಕೊಟ್ಟ ಚೀಟಿಯಲ್ಲಿ ಕಾರಣ ಬರೆಯದೇ ಅಟೆಂಡೆನ್ಸ್ ವಿನಾಯಿತಿ ಸಿಗಬೇಕು. ಇದಕ್ಕೆ ಹೊಸ ಬಿಲ್ಡಿಂಗ್ ಏನೂ ಬೇಡ.

ನಿಮ್ಮ ತಮ್ಮ, ತಂಗಿ, ಪಕ್ಕದ ಮನೆ ಹುಡುಗ ಕಾಲೇಜಿಗೆ ಹೋಗ್ತಿದ್ದರೆ 14416 ಅನ್ನೋ ನಂಬರ್ ಕೊಟ್ಟಿರಿ. ಅದು ಟೆಲಿ ಮಾನಸ್, 2022ರ ಅಕ್ಟೋಬರಿನಲ್ಲಿ ಶುರುವಾಯಿತು, ನಮ್ಮ ನಿಮ್ಹಾನ್ಸೇ ಅದರ ಮುಖ್ಯ ಕೇಂದ್ರ. ದಿನದ ಇಪ್ಪತ್ನಾಲ್ಕು ಗಂಟೆ, ಪುಕ್ಕಟೆ, ಕನ್ನಡದಲ್ಲೇ ಮಾತಾಡಬಹುದು. ಅಲ್ಲಿ ಫೋನ್ ಎತ್ತೋರು ಯಾರೂ ಇಂಟರ್ನಲ್ಸ್ ಹಾಕೋರಲ್ಲ.

ನಿಮ್ಮ ಕಾಲೇಜಿನಲ್ಲಿ ಹೇಗಿತ್ತು? ಏನಂತೀರಾ?